ಎರಡು ಕಂಪ್ಯೂಟರು, ಒಂದೇ ಮೇಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿರಸಿಯಲ್ಲಿ ಟ್ಯಾಕ್ಸ್ ಕೆಲಸ ಮಾಡ್ತೇನೆ, ಅಡಿಕೆ ವ್ಯಾಪಾರಸ್ಥರು, ಕಿರಾಣಿ ಅಂಗಡಿಯವರ ಜಿಎಸ್‌ಟಿ ಎಲ್ಲ ನೋಡ್ಕೊಳ್ಳೂದು. ಆಫೀಸಲ್ಲಿ ಡೆಸ್ಕ್‌ಟಾಪ್ ಇದೆ, ಮನೆ ಹುಲೇಕಲ್ ಬದಿಗೆ, ಅಲ್ಲೊಂದು ಲ್ಯಾಪ್‌ಟಾಪ್. ಎರಡರಲ್ಲೂ ಔಟ್‌ಲುಕ್, ಮೇಲ್ ನಮ್ಮದೇ ಸ್ವಂತ ಡೊಮೈನಿಂದು. ಆಫೀಸಲ್ಲಿ ಇಳಿದ ಮೇಲ್ ಮನೆಯಲ್ಲಿ ಬರೂದಿಲ್ಲ, ಮನೆಯಿಂದ ಕಳ್ಸಿದ್ದು ಆಫೀಸಲ್ಲಿ ಕಾಣೂದಿಲ್ಲ. ಅದಕ್ಕೆ ದಿನಾ ಸಂಜೆ ಔಟ್‌ಲುಕ್ ಮೇಲ್, ಕ್ಯಾಲೆಂಡರ್ ಎಲ್ಲ ಕೂಡಿಡೋ ಪಿಎಸ್‌ಟಿ ಫೈಲನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗ್ತಿದ್ದೆ, ಮೊನ್ನೆ ಹಳೇ ಫೈಲು ಹೊಸದರ ಮೇಲೆ ಕಾಪಿ ಆಗಿ ಒಂದು ವಾರದ ಮೇಲ್ ಮತ್ತೆ ಕ್ಯಾಲೆಂಡರಲ್ಲಿ ಬರೆದಿಟ್ಟ ತಾರೀಖು ಎಲ್ಲ ಹೋಯ್ತು. ಎರಡೂ ಮಷೀನನ್ನ ಒಂದಕ್ಕೊಂದು ಸಿಂಕ್ ಮಾಡೋ ಸಾಫ್ಟ್‌ವೇರ್ ಯಾವುದು ಹಾಕ್ಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಪೆನ್‌ಡ್ರೈವ್ ಓಡಾಟ ಇವತ್ತೇ ನಿಲ್ಸಿಬಿಡಿ ಮಾರಾಯ್ರೇ. ಒಂದಕ್ಕೊಂದು ಸಿಂಕ್ ಮಾಡೋ ಸಾಫ್ಟ್‌ವೇರನ್ನೂ ಹುಡುಕ್ಬೇಡಿ, ಯಾಕಂದ್ರೆ ಎರಡು ಕಡೆ ಎರಡು ಪ್ರತಿ ಇಟ್ಕೊಂಡು ಆಮೇಲೆ ತಾಳೆ ಹಾಕೋಕೆ ಹೋದ್ರೆ ಒಂದಲ್ಲ ಒಂದು ದಿನ ಹೀಗೇ ಆಗೂದು. ದಲಾಲಿ ಅಂಗಡಿಯಲ್ಲಿ ಖಾತೆ ಪುಸ್ತಕ ಒಂದೇ ಇರ್ತದೆ, ಗುಮಾಸ್ತರು ಎಷ್ಟು ಜನ ಇದ್ರೂ ಎಲ್ಲರೂ ಅದರಲ್ಲೇ ಬರೀತಾರೆ. ನಿಮ್ಮ ಮೇಲ್ ಮತ್ತೆ ಕ್ಯಾಲೆಂಡರ್ ಕೂಡ ಹಾಗೇ ಸರ್ವರಲ್ಲಿ ಒಂದೇ ಕಡೆ ಇರ್ಬೇಕು, ಡೆಸ್ಕ್‌ಟಾಪ್ ಲ್ಯಾಪ್‌ಟಾಪ್ ಎರಡೂ ಅದನ್ನೇ ನೋಡ್ಬೇಕು.

ಈಗ ಆಗ್ತಿರೋದು ಎಂತ ಅಂದ್ರೆ, ನಿಮ್ಮ ಅಕೌಂಟ್ ಪಾಪ್‌ನಲ್ಲಿ ಸೆಟಪ್ ಆಗಿರ್ಬೇಕು. ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋದ್ರೆ ಅಕೌಂಟಿನ ಪಕ್ಕ ಟೈಪ್ ಅಂತ ಕಾಲಂ ಇದೆ, ಅಲ್ಲಿ ಪಾಪ್ ಅಂತ ಕಂಡ್ರೆ ಕಾರಣ ಸಿಕ್ತು ಅಂತ್ಲೇ. ಒಂದೇ ಕಂಪ್ಯೂಟರಲ್ಲಿ ಮೇಲ್ ಇಳಿಸ್ಕೊಂಡು ಓದೋರಿಗೆ ಮಾಡಿದ ಪದ್ಧತಿ ಅದು, ಮೇಲನ್ನ ಮಷೀನಿಗೆ ತಗೊಂಡು ಸರ್ವರ್ ಖಾಲಿ ಮಾಡ್ತದೆ. ಬೆಳಿಗ್ಗೆ ಆಫೀಸ್ ಮಷೀನ್ ತಗೊಂಡ್ರೆ ಸಂಜೆ ಮನೆ ಮಷೀನಿಗೆ ಸರ್ವರಲ್ಲಿ ಏನೂ ಉಳಿದಿರೂದಿಲ್ಲ. ಸರ್ವರಲ್ಲಿ ಒಂದು ಪ್ರತಿ ಬಿಡು ಅನ್ನೋ ಟಿಕ್ ಇದೆ ನಿಜ, ಅದನ್ನ ಹಾಕಿದ್ರೆ ಬಂದ ಮೇಲ್ ಎರಡೂ ಕಡೆ ಇಳೀತದೆ, ಆದ್ರೆ ಎಷ್ಟೋ ದಿನ ಆದ್ಮೇಲೆ ಸರ್ವರಿಂದ ತೆಗೆದುಬಿಡು ಅಂತ ಪಕ್ಕದಲ್ಲೇ ಇನ್ನೊಂದು ಟಿಕ್ ಇರ್ತದೆ, ಸಾಮಾನ್ಯವಾಗಿ 14 ದಿನ. ಕಳ್ಸಿದ ಮೇಲ್, ನೀವು ಮಾಡ್ಕೊಂಡ ಫೋಲ್ಡರ್, ಓದಿದ್ದು ಓದದೇ ಇದ್ದದ್ದು, ಇದ್ಯಾವುದೂ ಪಾಪ್‌ಗೆ ಗೊತ್ತೇ ಇಲ್ಲ. ಹಾಗಾಗಿ ಆ ಟಿಕ್ ಅರ್ಧ ಪರಿಹಾರ ಮಾತ್ರ, ನನ್ನ ಕೇಳಿದ್ರೆ ಬೇಡ.

ಬೇಕಾಗಿರೋದು ಐಮ್ಯಾಪ್. ಇದನ್ನ ಮಾರ್ಕ್ ಕ್ರಿಸ್ಪಿನ್ ಅನ್ನೋರು 1986ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ಶುರು ಮಾಡಿದ್ದು, ಮೇಲ್ ಸರ್ವರಲ್ಲೇ ಇರ್ಲಿ, ಎಲ್ಲಿಂದ ತೆರೆದ್ರೂ ಅದೇ ಪೆಟ್ಟಿಗೆ ಕಾಣ್ಲಿ ಅನ್ನೋದೇ ಅದರ ಉದ್ದೇಶ. ಡೊಮೈನ್ ಮೇಲ್ ಕೊಡೋ ಕಂಪನಿಗಳಲ್ಲಿ ಹೆಚ್ಚಿನವು ಎರಡನ್ನೂ ಕೊಡ್ತವೆ. ಪೋರ್ಟ್ ನಂಬರ್ ಕೇಳಿದ್ರೆ ಐಮ್ಯಾಪ್‌ಗೆ 993, 995 ಹಾಕಿದ್ರೆ ಅದು ಮತ್ತೆ ಪಾಪ್‌ದೇ.

ಒಂದು ವಿಷಯ ಮೊದ್ಲೇ ವಿಚಾರಿಸ್ಕೊಳ್ಳಿ, ಇದನ್ನ ಯಾರೂ ಹೇಳೂದಿಲ್ಲ ಆಮೇಲೆ ಒದ್ದಾಡೋ ಹಾಗಾಗ್ತದೆ. ಇಷ್ಟು ವರ್ಷ ಪಾಪ್ ಇದ್ದಿದ್ರಿಂದ ಸರ್ವರ್ ಖಾಲಿ ಆಗ್ತಾ ಇತ್ತು, ಐಮ್ಯಾಪ್ ಮಾಡಿದ್ಮೇಲೆ ಎಲ್ಲ ಅಲ್ಲೇ ಕೂಡ್ತದೆ. ನಿಮ್ಮ ಪ್ಲಾನಲ್ಲಿ ಒಂದು ಮೇಲ್‌ಬಾಕ್ಸಿಗೆ ಎಷ್ಟು ಜಾಗ ಕೊಟ್ಟಿದಾರೆ ಕೇಳಿ. ಗಿರಾಕಿಗಳು ಬಿಲ್ಲುಗಳನ್ನ ಫೋಟೋ ಹೊಡೆದು ಕಳ್ಸೋ ಕೆಲಸ ನಿಮ್ಮದು, 1 ಜಿಬಿ ಎಲ್ಲ ಬೇಗ ತುಂಬಿಹೋಗ್ತದೆ, ತುಂಬಿದ್ರೆ ಹೊಸ ಮೇಲ್ ವಾಪಸ್ ಹೋಗ್ತದೆ.

ಬದಲಾಯಿಸುವಾಗ ಔಟ್‌ಲುಕ್ ಮುಚ್ಚಿ ಎರಡೂ ಮಷೀನಿನ ಪಿಎಸ್‌ಟಿ ಫೈಲನ್ನ ಬೇರೆ ಬೇರೆ ಹೆಸರಲ್ಲಿ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಡಿ, ಇದನ್ನ ಮಾಡದೇ ಮುಂದೆ ಹೋಗ್ಲೇಬೇಡಿ. ಪಾಪ್ ಅಕೌಂಟನ್ನೇ ಐಮ್ಯಾಪ್ ಮಾಡೋಕೆ ಔಟ್‌ಲುಕ್‌ನಲ್ಲಿ ಆಗೂದಿಲ್ಲ, ಹಳೇದು ತೆಗೆದು ಹೊಸದಾಗಿ ಸೇರಿಸ್ಬೇಕು. ಸೇರಿಸಿದ್ಮೇಲೆ ಹಳೇ ಪಿಎಸ್‌ಟಿಯನ್ನ ಔಟ್‌ಲುಕ್ ಒಳಗೇ ತೆರೆದು ಬೇಕಾದ ಫೋಲ್ಡರ್‌ಗಳನ್ನ ಹೊಸ ಅಕೌಂಟಿಗೆ ಎಳೆದು ಹಾಕಿದ್ರೆ ಅವು ಸರ್ವರಿಗೆ ಏರ್ತವೆ, ಇನ್ನೊಂದು ಮಷೀನಲ್ಲಿ ತಾನಾಗಿ ಕಾಣ್ತವೆ. ಒಂದೇ ಸಲ ಎಲ್ಲ ಎಳೀಬೇಡಿ, ಈ ವರ್ಷದ್ದು, ಹೋದ ವರ್ಷದ್ದು ಅಂತ ಸ್ವಲ್ಪ ಸ್ವಲ್ಪ. ಅದಕ್ಕೂ ಹಳೇದು ಪಿಎಸ್‌ಟಿಯಲ್ಲೇ ಇರ್ಲಿ. ಮತ್ತೆ ಆ ಫೈಲನ್ನ ಒನ್‌ಡ್ರೈವ್ ಫೋಲ್ಡರಿಗೆ ಹಾಕಿ ಎರಡೂ ಕಡೆಯಿಂದ ತೆರೀಬಹುದಲ್ಲ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಪಿಎಸ್‌ಟಿ ಹಾಗೆ ಹಂಚ್ಕೊಳ್ಳೋಕೆ ಮಾಡಿದ್ದಲ್ಲ, ಫೈಲೇ ಹಾಳಾಗ್ತದೆ.

ಇನ್ನು ಕ್ಯಾಲೆಂಡರ್. ಎಷ್ಟೋ ಜನ ಐಮ್ಯಾಪ್ ಮಾಡಿ ಕ್ಯಾಲೆಂಡರೂ ಬರ್ತದೆ ಅಂತ ಕಾಯ್ತಾ ಕೂತಿರ್ತಾರೆ, ಬರೂದಿಲ್ಲ. ಐಮ್ಯಾಪ್ ಮೇಲಿಗೆ ಮಾತ್ರ, ಆ ಅಕೌಂಟಿನ ಕ್ಯಾಲೆಂಡರನ್ನ ಔಟ್‌ಲುಕ್ ಆಯಾ ಕಂಪ್ಯೂಟರಲ್ಲೇ ಇಟ್ಕೊಳ್ತದೆ. ಕ್ಯಾಲೆಂಡರಿಗೆ ಬೇರೆ ಪದ್ಧತಿ ಇದೆ, ಕ್ಯಾಲ್‌ಡ್ಯಾವ್ ಅಂತ, 2007ರಲ್ಲಿ ಸ್ಟ್ಯಾಂಡರ್ಡ್ ಆಯ್ತು. ಹಳೇ ಔಟ್‌ಲುಕ್‌ಗೆ ಅದು ನೇರ ಅರ್ಥ ಆಗೂದಿಲ್ಲ, ಔಟ್‌ಲುಕ್ ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಅಂತ ಉಚಿತ ಆಡ್-ಇನ್ ಹಾಕ್ಬೇಕು. ಆದ್ರೆ ನನ್ನ ಸಲಹೆ ಅಂದ್ರೆ ಎರಡೂ ಮಷೀನಿಗೆ ಔಟ್‌ಲುಕ್ ಬದಲು ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಂ ಹಾಕ್ಕೊಳ್ಳಿ, ದುಡ್ಡಿಲ್ಲ, 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಕ್ಯಾಲೆಂಡರ್ ಒಳಗೇ ಇದೆ, ಕ್ಯಾಲ್‌ಡ್ಯಾವ್ ಬರ್ತದೆ. ಮೇಲ್ ಎಲ್ಲ ಸರ್ವರಲ್ಲೇ ಇದೆಯಲ್ಲ, ಅದಕ್ಕೆ ಪ್ರೋಗ್ರಾಂ ಬದಲಾಯಿಸಿದ್ರೂ ಕಷ್ಟ ಆಗೂದಿಲ್ಲ. ಕ್ಯಾಲೆಂಡರ್ ಇಡೋಕೆ ಒಂದು ಗೂಗಲ್ ಅಕೌಂಟ್ ಸಾಕು. ಔಟ್‌ಲುಕ್‌ನಲ್ಲಿ ಉಳಿದಿರೋ ಕ್ಯಾಲೆಂಡರನ್ನ ಐಸಿಎಸ್ ಫೈಲಾಗಿ ಸೇವ್ ಮಾಡಿ, ಬ್ರೌಸರಲ್ಲಿ ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್ಸಿಗೆ ಹೋಗಿ ಇಂಪೋರ್ಟ್ ಮಾಡಿ, ಆಮೇಲೆ ಎರಡೂ ಥಂಡರ್‌ಬರ್ಡಲ್ಲಿ ಅದೇ ಅಕೌಂಟ್ ಸೇರಿಸಿ. ಇಂಪೋರ್ಟ್ ಒಂದೇ ಮಷೀನಿಂದ ಮಾಡಿ, ಎರಡರಿಂದಲೂ ಮಾಡಿದ್ರೆ ಒಂದೊಂದು ತಾರೀಖು ಎರಡೆರಡು ಸಲ ಕಾಣೋ ಸಾಧ್ಯತೆ ಇದೆ. ತಿಂಗಳು ತಿಂಗಳು ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್-1 11ನೇ ತಾರೀಖು, 3ಬಿ 20ನೇ ತಾರೀಖು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಅವನ್ನ ಪ್ರತಿ ತಿಂಗಳು ಮರುಕಳಿಸೋ ಹಾಗೆ ಒಂದೇ ಸಲ ಹಾಕಿಟ್ರೆ ಎರಡೂ ಕಡೆ ನೆನಪು ಮಾಡ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದು ಸಣ್ಣ ಹೋಂಸ್ಟೇ. ಕೌಂಟರಲ್ಲಿ ಒಂದು ಕಂಪ್ಯೂಟರ್, ಕುಮಟಾದಲ್ಲಿರೋ ತಮ್ಮನ ಹತ್ರ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಇಬ್ಬರೂ ಒಂದೇ ಗೂಗಲ್ ಕ್ಯಾಲೆಂಡರಿಗೆ ಥಂಡರ್‌ಬರ್ಡಿಂದ ಬುಕಿಂಗ್ ಬರೀತೇವೆ. ಮೇ ತಿಂಗಳಲ್ಲಿ ನಾನು ಮಧ್ಯಾಹ್ನ 12ಕ್ಕೆ ಬರ್ದ ಚೆಕ್-ಇನ್ ಅವನ ಹತ್ರ ಹಿಂದಿನ ದಿನ ರಾತ್ರಿ 11.30 ಅಂತ ಕಂಡಿದೆ. ಒಂದೇ ರೂಮಿಗೆ ಎರಡು ಕುಟುಂಬ ಬಂದು ನಿಂತ್ರು. ಗಡಿಯಾರ ಎರಡರಲ್ಲೂ ಸರಿಯಾಗೇ ಇದೆ.
– ಓದುಗರೊಬ್ಬರು, ಗೋಕರ್ಣ

ಉತ್ತರ: ರಜೆ ದಿನ, ಮಕ್ಕಳು ಮರಿ ಕರ್ಕೊಂಡು ಬಂದೋರನ್ನ ಬಾಗಿಲಲ್ಲಿ ನಿಲ್ಸೋ ಪರಿಸ್ಥಿತಿ ಯಾರಿಗೂ ಬೇಡ. ಗಡಿಯಾರ ಸರಿ ಕಾಣ್ತಿದೆ, ಆದ್ರೆ ತಮ್ಮನ ಲ್ಯಾಪ್‌ಟಾಪಿನ ಟೈಮ್ ಝೋನ್ ಅಮೆರಿಕದ ಪಶ್ಚಿಮ ಕರಾವಳಿದು ಇರ್ಬೇಕು, ನೀವು ಹೇಳಿದ ಹನ್ನೆರಡೂವರೆ ಗಂಟೆ ವ್ಯತ್ಯಾಸ ಅದಕ್ಕೇ ಸರಿಯಾಗಿ ಕೂಡ್ತದೆ. ವಿಂಡೋಸ್ ಹಾಕುವಾಗ ಯಾರೋ ಝೋನ್ ನೋಡದೇ ಬಿಟ್ಟಿದಾರೆ, ಆಮೇಲೆ ಗಂಟೆ ತಪ್ಪಿದೆ ಅಂತ ಮುಳ್ಳು ಮಾತ್ರ ಕೈಯಲ್ಲಿ ತಿರುಗ್ಸಿದಾರೆ. ಸರ್ವರಲ್ಲಿ ನಿಮ್ಮ 12 ಗಂಟೆ ಅಂದ್ರೆ ಭಾರತದ 12 ಗಂಟೆ ಅಂತ ಸರಿಯಾಗೇ ಇದೆ, ಲ್ಯಾಪ್‌ಟಾಪ್ ಅದನ್ನ ಅಲ್ಲಿನ ಟೈಮಿಗೆ ತಿರುಗ್ಸಿ ತೋರಿಸ್ತದೆ. ಡಿಸೆಂಬರಲ್ಲಿ ನೋಡಿದ್ರೆ 10.30 ಅಂತ ಕಾಣ್ತದೆ, ಯಾಕಂದ್ರೆ ಅಲ್ಲಿ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಇಡ್ತಾರೆ.

ತಮ್ಮನ ಲ್ಯಾಪ್‌ಟಾಪಲ್ಲಿ ಝೋನನ್ನ ಚೆನ್ನೈ, ಕೋಲ್ಕತಾ, ಮುಂಬೈ, ನವದೆಹಲಿ ಅಂತಿರೋ 5.30ರದ್ದು ಮಾಡಿ, ಟೈಮ್ ತಾನಾಗೇ ಹೊಂದಿಸ್ಕೊಳ್ಳೋದನ್ನ ಆನ್ ಮಾಡಿ. ಥಂಡರ್‌ಬರ್ಡಿನ ಕ್ಯಾಲೆಂಡರ್ ಸೆಟ್ಟಿಂಗ್ಸಲ್ಲಿ ಬೇರೆಯಾಗಿ ಒಂದು ಝೋನ್ ಇದೆ, ಗೂಗಲ್ ಕ್ಯಾಲೆಂಡರಲ್ಲೂ ಇದೆ, ಮೂರೂ ನೋಡಿ. ಇಷ್ಟು ಮಾಡಿ ಸುಮ್ಮನಿರ್ಬೇಡಿ. ನೀವು ಬರ್ದಿದ್ದು ಈಗ ಸರಿಯಾಗಿ ಕಾಣ್ತದೆ, ಆದ್ರೆ ತಮ್ಮ ಆ ಲ್ಯಾಪ್‌ಟಾಪಿಂದ ಬರ್ದಿದ್ದೆಲ್ಲ ಸರ್ವರಲ್ಲೇ ತಪ್ಪಾಗಿದೆ, ಅವನ ಮಧ್ಯಾಹ್ನ 12 ನಿಮಗೆ ಮರುದಿನ ನಡುರಾತ್ರಿ 12.30. ಮುಂದಿನ ಬುಕಿಂಗುಗಳನ್ನ ಇಬ್ಬರೂ ಫೋನಲ್ಲಿ ಕೂತು ಒಂದೊಂದಾಗಿ ಕೈಯಲ್ಲೇ ತಿದ್ಬೇಕು, ಬೇರೆ ದಾರಿ ಇಲ್ಲ.

ರೂಮ್ ಬುಕಿಂಗನ್ನ ಗಂಟೆ ಹಾಕಿ ಬರೀಬೇಡಿ, ಇಡೀ ದಿನದ ಎಂಟ್ರಿಯಾಗಿ ಹಾಕಿ. ಇಡೀ ದಿನದ್ದಕ್ಕೆ ಟೈಮ್ ಝೋನ್ ಅಂಟ್ಕೊಳ್ಳೂದಿಲ್ಲ, ತಾರೀಖು ಎಲ್ಲಿ ನೋಡಿದ್ರೂ ಅದೇ, ಬರೋ ಗಂಟೆಯನ್ನ ಹೆಸರಿನ ಪಕ್ಕ ಬರೆದಿಟ್ರೆ ಆಯ್ತು. ಕ್ಯಾಲೆಂಡರ್ ಎಷ್ಟು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗ್ಬೇಕು ಅಂತ ಕೇಳೋ ಜಾಗದಲ್ಲಿ ಕಡಿಮೆ ನಿಮಿಷ ಆರಿಸಿ. ಆದ್ರೂ ಒಂದೇ ದಿನಕ್ಕೆ ಎರಡು ಎಂಟ್ರಿ ಹಾಕಿದ್ರೆ ಕ್ಯಾಲೆಂಡರ್ ತಡೆಯೂದಿಲ್ಲ, ಅದಕ್ಕೆ ಸೀಸನ್ನಿನಲ್ಲಿ ಅಡ್ವಾನ್ಸ್ ತಗೊಳ್ಳೋ ಮುಂಚೆ ಇನ್ನೊಬ್ಬರಿಗೆ ಒಂದು ಫೋನ್ ಮಾಡೋದು ಬಿಡ್ಬೇಡಿ.

ಪ್ರಶ್ನೆ: ಮನೆ ಕಂಪ್ಯೂಟರಲ್ಲಿ ಜಾಗ ಇಲ್ಲ ಅಂತ ಹಳೇ ಮೇಲ್ ಡಿಲೀಟ್ ಮಾಡಿದೆ, ಆಫೀಸಿನದ್ದರಲ್ಲೂ ಹೋಗಿದೆ! ಐಮ್ಯಾಪ್, ಜಿಮೇಲ್. ವಾಪಸ್ ಬರ್ತದಾ?
– ಓದುಗರೊಬ್ಬರು, ಕಾರವಾರ

ಉತ್ತರ: ತಡ ಮಾಡ್ಬೇಡಿ, ಬ್ರೌಸರಲ್ಲಿ ಜಿಮೇಲ್ ತೆರೆದು ಟ್ರ್ಯಾಶ್ ನೋಡಿ, ಅಲ್ಲಿ 30 ದಿನ ಇರ್ತದೆ, ಆಮೇಲೆ ಪೂರ್ತಿ ಅಳಿಸಿಹೋಗ್ತದೆ. ಟ್ರ್ಯಾಶಲ್ಲಿ ಇಲ್ಲಾಂದ್ರೆ ಆಲ್ ಮೇಲ್‌ನಲ್ಲಿ ಹುಡುಕಿ, ಸೆಟ್ಟಿಂಗ್ ಹೇಗಿದೆ ಅನ್ನೋದರ ಮೇಲೆ ಕೆಲವು ಸಲ ಡಿಲೀಟ್ ಮಾಡಿದ್ದು ಅಲ್ಲೇ ಉಳಿದಿರ್ತದೆ. ಎರಡು ಕಂಪ್ಯೂಟರಲ್ಲಿ ಕಾಣೋದು ಒಂದೇ ಪ್ರತಿ, ಅದಕ್ಕೇ ಒಂದು ಕಡೆ ಅಳಿಸಿದ್ರೆ ಎರಡೂ ಕಡೆ ಹೋಗೂದು, ಹಾಗಾಗಿ ಸಿಂಕ್ ಇದೆ ಅಂತ ಬ್ಯಾಕಪ್ ಬಿಡೋ ಹಾಗಿಲ್ಲ. ಗೂಗಲ್ ಟೇಕ್‌ಔಟ್‌ನಿಂದ ಮೇಲ್ ಮತ್ತೆ ಕ್ಯಾಲೆಂಡರ್ ಎರಡನ್ನೂ ಆಗಾಗ ಇಳಿಸಿ ಹೊರಗಿನ ಡಿಸ್ಕಲ್ಲಿ ಇಟ್ಕೊಳ್ಳಿ. ಮನೆ ಕಂಪ್ಯೂಟರಲ್ಲಿ ಜಾಗ ಬೇಕಾದ್ರೆ ಮೇಲ್ ಅಳಿಸೋದಲ್ಲ, ಇತ್ತೀಚಿನ ಮೇಲ್ ಮಾತ್ರ ಈ ಮಷೀನಲ್ಲಿ ಇಟ್ಕೋ ಅನ್ನೋ ಸೆಟ್ಟಿಂಗ್ ಹಾಕಿ.

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ, ಮಳೆಗಾಲದಲ್ಲಿ ಕರೆಂಟು ನೆಟ್‌ವರ್ಕು ಎರಡೂ ದಿನಗಟ್ಟಲೆ ಇರೂದಿಲ್ಲ. ಎಲ್ಲ ಸರ್ವರಲ್ಲಿ ಇಟ್ರೆ ನಾವೆಂತ ಮಾಡೂದು?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ನಿಮ್ಮ ಹೆದರಿಕೆ ಸರಿಯೇ, ಆದ್ರೆ ಐಮ್ಯಾಪ್ ಅಂದ್ರೆ ನೆಟ್ ಇಲ್ಲದಾಗ ಏನೂ ಕಾಣೂದಿಲ್ಲ ಅಂತಲ್ಲ. ಥಂಡರ್‌ಬರ್ಡಲ್ಲಿ ಅಕೌಂಟಿನ ಸಿಂಕ್ರೊನೈಸೇಶನ್ ಸೆಟ್ಟಿಂಗ್ಸಿಗೆ ಹೋಗಿ ಎಲ್ಲ ಫೋಲ್ಡರಿನ ಮೇಲನ್ನೂ ಈ ಕಂಪ್ಯೂಟರಲ್ಲಿ ಇಡು ಅನ್ನೋದಕ್ಕೆ ಟಿಕ್ ಹಾಕಿ, ಕ್ಯಾಲೆಂಡರಿನ ಪ್ರಾಪರ್ಟೀಸಲ್ಲಿ ಆಫ್‌ಲೈನ್ ಸಪೋರ್ಟ್ ಅಂತ ಇದೆ, ಅದಕ್ಕೂ ಹಾಕಿ. ನೆಟ್ ಇಲ್ಲದಾಗ ಓದಿ, ಉತ್ತರ ಬರೀರಿ, ಔಟ್‌ಬಾಕ್ಸಲ್ಲಿ ಕೂತಿರ್ತದೆ, ತಾರೀಖು ಹಾಕಿದ್ದೂ ನೆಟ್ ಬಂದ್ಮೇಲೆ ಏರ್ತದೆ. ಬ್ರೌಸರಲ್ಲೇ ಜಿಮೇಲ್ ನೋಡೋರಾದ್ರೆ ಕ್ರೋಮಲ್ಲಿ ಆಫ್‌ಲೈನ್ ಸೆಟ್ಟಿಂಗ್ ಇದೆ, ಹೆಚ್ಚಂದ್ರೆ 90 ದಿನದ ಮೇಲ್ ಇಟ್ಕೊಳ್ತದೆ. ಎರಡು ಕಂಪ್ಯೂಟರ್ ಇದ್ರೆ ನೆಟ್ ಇಲ್ಲದ ಹೊತ್ತಲ್ಲಿ ಒಂದೇ ಎಂಟ್ರಿಯನ್ನ ಎರಡೂ ಕಡೆ ತಿದ್ಬೇಡಿ, ಆಮೇಲೆ ಯಾವುದನ್ನ ಇಡ್ಲಿ ಅಂತ ಕೇಳ್ತದೆ, ಇಲ್ಲಾಂದ್ರೆ ಒಂದು ಹೋಗ್ತದೆ. ಪೇಟೆಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಔಟ್‌ಬಾಕ್ಸ್ ಖಾಲಿ ಆಗೋ ತನಕ ಕಾದು, ಆಮೇಲೆ ಬಸ್ ಹತ್ತಿ.