ಎರಡು ದೇಶದಲ್ಲಿ ಕೆಮಿಸ್ಟ್ರಿ ಓದುವ ಮುಂಚೆ: ಶಿಡ್ಲಘಟ್ಟದ ತಂಗಿಗೆ

ತಂಗಿ,

ನಿನ್ನ ಪ್ರಶ್ನೆ ಓದಿದೆ. ಸೆಕೆಂಡ್ ಪಿಯುಸಿ ಮುಗಿದಿದೆ, ಕೆಮಿಸ್ಟ್ರಿ ಅಂದರೆ ತುಂಬಾ ಇಷ್ಟ. ಫ್ರಾನ್ಸ್, ಜರ್ಮನಿ ಎರಡೂ ಕಡೆ ಓದಿ ಎರಡೂ ದೇಶದ ಡಿಗ್ರಿ ಪಡೆಯುವ ಕೋರ್ಸ್ ಒಂದಿದೆಯಂತೆ, ಅದು ನನ್ನ ಕೈಲಿ ಆಗುತ್ತಾ, ಖರ್ಚು ಎಷ್ಟು, ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ನಡೆಸುತ್ತಾರೆ ಅಂತಲೂ ಬರೆದಿದ್ದೀಯ. ನಾನು ಕೋಲಾರದವಳು. ಅದೇ ಕೋರ್ಸ್ ಓದಿ ಈಗ ಫ್ರೈಬುರ್ಗ್‌ನಲ್ಲೇ ನೆಲೆಸಿದ್ದೇನೆ. ಸುತ್ತಿಬಳಸದೆ ಹೇಳುತ್ತೇನೆ: ಖಂಡಿತ ಬಾ, ಆದರೆ ಈ ವರ್ಷ ಬೇಡ.

ಕೋರ್ಸಿನ ಹೆಸರು ರೆಜಿಯೊ ಕಿಮಿಕಾ. ಫ್ರಾನ್ಸ್ ಕಡೆ ಮುಲೂಸ್ ಊರಿನ ಓಟ್-ಅಲ್ಜಾಸ್ ವಿಶ್ವವಿದ್ಯಾಲಯ, ಜರ್ಮನಿ ಕಡೆ ಫ್ರೈಬುರ್ಗ್ ವಿಶ್ವವಿದ್ಯಾಲಯ, ಎರಡೂ ಸೇರಿ ನಡೆಸುವ ಮೂರು ವರ್ಷದ ಡಿಗ್ರಿ. ಮೊದಲ ವರ್ಷ ಮುಲೂಸ್, ಎರಡನೇ ವರ್ಷ ಫ್ರೈಬುರ್ಗ್. ಕ್ಲಾಸಿನಲ್ಲಿ ಅರ್ಧ ಫ್ರೆಂಚ್ ಮಕ್ಕಳು, ಅರ್ಧ ಜರ್ಮನ್ ಮಕ್ಕಳು ಅಂದುಕೋ. ಎರಡು ಊರಿನ ನಡುವೆ ರೈನ್ ನದಿ ಹರಿಯುತ್ತದೆ. ದೂರ ಅಂದರೆ ಹೆಚ್ಚು ಕಡಿಮೆ ಶಿಡ್ಲಘಟ್ಟದಿಂದ ಬೆಂಗಳೂರಿಗೆ ಇರುವಷ್ಟು. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ.

ಈ ಜಾಗದಲ್ಲಿ ಕೆಮಿಸ್ಟ್ರಿ ಓದುವುದರಲ್ಲಿ ಒಂದು ಸೊಗಸಿದೆ. ಕೋಆರ್ಡಿನೇಶನ್ ಕಾಂಪೌಂಡ್ಸ್ ಪಾಠದಲ್ಲಿ ವರ್ನರ್ ಥಿಯರಿ, ಅಂದರೆ ಲೋಹದ ಸುತ್ತ ಬೇರೆ ಅಣುಗಳು ಹೇಗೆ ಕೂರುತ್ತವೆ ಅನ್ನುವುದು, ಓದಿದ್ದೀಯ, ಅಲ್ವಾ? ಆಲ್ಫ್ರೆಡ್ ವರ್ನರ್ ಹುಟ್ಟಿದ್ದು ಇದೇ ಮುಲೂಸ್‌ನಲ್ಲಿ, 1866ರಲ್ಲಿ. ಆಗ ಊರು ಫ್ರಾನ್ಸಿಗೆ ಸೇರಿತ್ತು. ಅವನಿಗೆ ನಾಲ್ಕು ವರ್ಷ ತುಂಬಿ ಕೆಲವೇ ತಿಂಗಳಾಗಿತ್ತು, 1871ರಲ್ಲಿ ಊರು ಜರ್ಮನಿಯ ಪಾಲಾಯಿತು. ಮನೆ ಬದಲಾಗಲಿಲ್ಲ, ಬೀದಿ ಬದಲಾಗಲಿಲ್ಲ, ದೇಶ ಬದಲಾಯಿತು. 1913ರಲ್ಲಿ ಅವನಿಗೆ ನೊಬೆಲ್ ಬಂತು. ಊರು ಮತ್ತೆ ಫ್ರಾನ್ಸಿಗೆ ಬಂದದ್ದು ಮೊದಲ ಮಹಾಯುದ್ಧದ ಕೊನೆಗೆ. ಇಂಥ ನೆಲದಲ್ಲಿ ಈಗ ಎರಡೂ ದೇಶದ ಹುಡುಗ ಹುಡುಗಿಯರು ಒಂದೇ ಬೆಂಚಿನಲ್ಲಿ ನಿಂತು ಟೈಟ್ರೇಶನ್ ಮಾಡುತ್ತಾರೆ. ನನಗೆ ಇದು ದೊಡ್ಡ ವಿಷಯ ಅನ್ನಿಸುತ್ತದೆ.

ಮುಲೂಸ್‌ಗೆ ಕೆಮಿಸ್ಟ್ರಿ ಬಂದದ್ದೇ ಬಟ್ಟೆಯಿಂದ. ಹತ್ತಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಊರು ಅದು. ಬಣ್ಣ ಬೇಕು, ಬಣ್ಣ ಬಿಡದಂತೆ ಹಿಡಿಸಬೇಕು, ಅದಕ್ಕೆ ಕೆಮಿಸ್ಟ್ರಿ ಬಲ್ಲವರು ಬೇಕು. ಹಾಗಾಗಿ 1822ರಲ್ಲೇ ಅಲ್ಲಿ ಕೆಮಿಸ್ಟ್ರಿ ಶಾಲೆ ಶುರುವಾಯಿತು. ರೇಷ್ಮೆ ಊರಿನಿಂದ ಬರುವ ನಿನಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ನಿಮ್ಮ ರೀಲಿಂಗ್ ಘಟಕದಲ್ಲಿ ಗೂಡನ್ನು ಬಿಸಿನೀರಿಗೆ ಹಾಕಿದಾಗ ಮೆತ್ತಗಾಗುವ ಆ ಅಂಟು ಸೆರಿಸಿನ್. ಒಳಗಿನ ಎಳೆ ಫೈಬ್ರೊಯಿನ್. ಎರಡೂ ಪ್ರೋಟೀನ್, ಎರಡೂ ಉದ್ದುದ್ದ ಸರಪಳಿ ಅಣುಗಳು. ಇಂಥ ಸರಪಳಿ ಅಣುಗಳು, ಅಂದರೆ ಪಾಲಿಮರ್‌ಗಳು, ನಿಜಕ್ಕೂ ಇವೆ ಅಂತ 1920ರಲ್ಲಿ ವಾದ ಎತ್ತಿದವನು ಹರ್ಮನ್ ಸ್ಟೌಡಿಂಗರ್. 1926ರಿಂದ ಅವನು ಫ್ರೈಬುರ್ಗ್‌ನಲ್ಲಿದ್ದ. ದೊಡ್ಡ ದೊಡ್ಡ ಕೆಮಿಸ್ಟ್‌ಗಳೇ ಅವನ ಮಾತನ್ನು ಒಪ್ಪಿರಲಿಲ್ಲ. ನೊಬೆಲ್ ಬಂದದ್ದು 1953ರಲ್ಲಿ. ಪಿಯುಸಿಯ ಪಾಲಿಮರ್ ಪಾಠದ ಬೇರು ನೀನು ಎರಡನೇ ವರ್ಷ ಓದಲಿರುವ ಊರಿನಲ್ಲೇ ಇದೆ.

ಈಗ ಲ್ಯಾಬ್ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ನಿನ್ನ ಅರ್ಧ ದಿನ ಕಳೆಯುವುದು ಅಲ್ಲೇ.

ನಮ್ಮ ಕಡೆ ಸಾಲ್ಟ್ ಅನಾಲಿಸಿಸ್ ಮಾಡಿದ್ದೀಯ, ಬ್ರೌನ್ ರಿಂಗ್ ನೋಡಿದ್ದೀಯ. ರೆಕಾರ್ಡ್ ಬುಕ್ ಅಂದವಾಗಿ ಬರೆದು ಸಹಿ ಹಾಕಿಸಿಕೊಂಡಿದ್ದೀಯ. ಇಲ್ಲಿ ಪ್ರಯೋಗಕ್ಕೆ ಕೈ ಹಾಕುವ ಮುಂಚೆಯೇ ಅಸಿಸ್ಟೆಂಟ್ ಪ್ರಶ್ನೆ ಕೇಳುತ್ತಾರೆ. ಈ ದ್ರಾವಕ ಎಷ್ಟು ಡಿಗ್ರಿಗೆ ಕುದಿಯುತ್ತೆ? ಕೈ ಮೇಲೆ ಬಿದ್ದರೆ ಏನು ಮಾಡ್ತೀಯ? ಉಳಿದದ್ದನ್ನು ಯಾವ ಡಬ್ಬಕ್ಕೆ ಹಾಕ್ತೀಯ? ಉತ್ತರ ಬರದಿದ್ದರೆ ಆವತ್ತು ಪ್ರಯೋಗವಿಲ್ಲ. ಸಿಂಕಿಗೆ ಏನನ್ನೂ ಸುರಿಯುವಂತಿಲ್ಲ. ಹ್ಯಾಲೊಜನ್ (ಕ್ಲೋರಿನ್, ಬ್ರೋಮಿನ್ ಥರದ್ದು) ಇರುವ ದ್ರಾವಕಕ್ಕೆ ಒಂದು ಡಬ್ಬ, ಇಲ್ಲದ್ದಕ್ಕೆ ಇನ್ನೊಂದು, ಭಾರ ಲೋಹಗಳಿಗೆ ಮತ್ತೊಂದು. ಹತ್ತಿಯ ಕೋಟು ಹಾಕಬೇಕು, ಸಿಂಥೆಟಿಕ್ ಆದರೆ ಬೆಂಕಿ ತಗುಲಿದಾಗ ಕರಗಿ ಮೈಗೆ ಅಂಟುತ್ತದೆ. ಕನ್ನಡಕ ತೆಗೆದರೆ ಹೊರಗೆ ಕಳಿಸುತ್ತಾರೆ.

ಕಾರ್ಬನ್‌ಗೆ ಕಾರ್ಬನ್ ಜೋಡಿಸುವ ಗ್ರಿನ್ಯಾರ್ ರಿಯಾಕ್ಷನ್ ಗೊತ್ತಲ್ಲ, ಪಿಯುಸಿಯಲ್ಲಿ ಒಂದು ಸಾಲಿನ ಸಮೀಕರಣ. ಇಲ್ಲಿ ಅದನ್ನು ಕೈಯಾರೆ ಮಾಡುತ್ತೀಯ. ಗಾಜಿನ ಪಾತ್ರೆಯನ್ನು ಓವನ್‌ನಲ್ಲಿಟ್ಟು ಒಣಗಿಸಬೇಕು, ನೀರಿನ ಒಂದು ತೊಟ್ಟು ಪಸೆ ಉಳಿದರೂ ಕೆಟ್ಟಿತು. ಮೆಗ್ನೀಶಿಯಂ ಚೂರು, ಮೇಲೆ ಈಥರ್. ಬ್ರೋಮೈಡನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಎಷ್ಟು ಹೊತ್ತಾದರೂ ಏನೂ ಆಗುವುದಿಲ್ಲ. ಆಗ ಅಯೊಡಿನ್‌ನ ಒಂದು ಹರಳು ಹಾಕುತ್ತೀಯ. ಕಂದು ಬಣ್ಣ ನಿಧಾನಕ್ಕೆ ಮಾಯವಾಗುತ್ತದೆ, ದ್ರಾವಣ ಮಬ್ಬಾಗುತ್ತದೆ. ಕೆಳಗೆ ಶಾಖ ಇಲ್ಲದೆಯೇ ಈಥರ್ ತಾನಾಗಿ ಕುದಿಯಲು ಶುರುವಾಗುತ್ತದೆ. ಆ ಕ್ಷಣಕ್ಕೆ ಪಕ್ಕದಲ್ಲಿ ಐಸ್ ನೀರು ಸಿದ್ಧವಾಗಿರಬೇಕು. ಪುಸ್ತಕದ ಆ ಒಂದು ಸಾಲು ಕಣ್ಣೆದುರಿಗೆ ಕುದಿಯುವುದನ್ನು ನೋಡಿದ ಮೇಲೆ ಕೆಮಿಸ್ಟ್ರಿಯನ್ನು ಬಿಡಲು ಮನಸ್ಸು ಬರುವುದಿಲ್ಲ. ಕೊನೆಗೆ ಇಳುವರಿ 40 ಪರ್ಸೆಂಟ್ ಬಂದರೆ 40 ಅಂತಲೇ ಬರೆಯಬೇಕು. ಯಾಕೆ ಕಡಿಮೆಯಾಯಿತು ಅಂತ ಯೋಚಿಸಿ ಬರೆದರೆ ಸಾಕು. ಪಕ್ಕದವರ ರೀಡಿಂಗ್ ನೋಡಿ ತಿದ್ದುವುದು ಇಲ್ಲಿ ದೊಡ್ಡ ತಪ್ಪು.

ಮಾರ್ಕ್ಸ್ ನೋಡಿ ಗಾಬರಿ ಬೀಳಬೇಡ. ಫ್ರಾನ್ಸ್‌ನಲ್ಲಿ 20ಕ್ಕೆ ಅಂಕ, 10 ಬಂದರೆ ಪಾಸ್, 14 ಬಂದರೆ ಚೆನ್ನಾಗಿ ಓದುವವಳು ಅನ್ನುತ್ತಾರೆ. ಜರ್ಮನಿಯಲ್ಲಿ 1 ಅತಿ ಒಳ್ಳೆಯದು, 4ರವರೆಗೆ ಪಾಸ್. 95 ಪರ್ಸೆಂಟ್ ತೆಗೆದು ಬಂದವರಿಗೆ 20ಕ್ಕೆ 11 ಬಿದ್ದಾಗ ಅಳು ಬರುತ್ತದೆ. ಮನೆಯಲ್ಲಿ ಇದನ್ನು ಮೊದಲೇ ಹೇಳಿಟ್ಟುಬಿಡು. ಆದರೆ ಒಂದನ್ನು ಹಗುರವಾಗಿ ತಗೊಳ್ಳಬೇಡ. ಜರ್ಮನಿಯಲ್ಲಿ ಒಂದು ಪರೀಕ್ಷೆಯನ್ನು ಮತ್ತೆ ಬರೆಯಲು ಇಷ್ಟೇ ಸಲ ಅಂತ ಮಿತಿ ಇದೆ. ಕಡ್ಡಾಯ ಪೇಪರಿನಲ್ಲಿ ಕೊನೆಯ ಅವಕಾಶವೂ ಹೋದರೆ ಆ ಕೋರ್ಸ್ ಅಲ್ಲಿಗೆ ಮುಗಿಯಿತು. ನಮ್ಮಲ್ಲಿಯ ಹಾಗೆ ಬ್ಯಾಕ್‌ಲಾಗ್ ಎಳೆದುಕೊಂಡು ಹೋಗಲಾಗುವುದಿಲ್ಲ. ತಯಾರಿ ಆಗಿಲ್ಲ ಅನ್ನಿಸಿದರೆ ಸುಮ್ನೆ ಹೋಗಿ ಕೂತು ಅವಕಾಶ ಕಳೆದುಕೊಳ್ಳಬೇಡ.

ಈ ವರ್ಷ ಬೇಡ ಅಂದದ್ದಕ್ಕೆ ಕಾರಣ ಭಾಷೆ. ಪಾಠ ನಡೆಯುವುದು ಫ್ರೆಂಚ್ ಮತ್ತು ಜರ್ಮನ್‌ನಲ್ಲಿ. ಪಾಠದಲ್ಲಿ ಇಂಗ್ಲಿಷ್ ಕೂಡ ಸ್ವಲ್ಪ ಬರುತ್ತದೆ, ಆದರೆ ಅದರಿಂದಲೇ ದಾಟಲು ಆಗುವುದಿಲ್ಲ. ನಿನ್ನ ಜೊತೆಯವರಿಗೆ ಒಂದು ಭಾಷೆ ಹುಟ್ಟಿನಿಂದ ಬಂದಿರುತ್ತದೆ, ಇನ್ನೊಂದನ್ನು ಶಾಲೆಯಲ್ಲಿ ವರ್ಷಗಟ್ಟಲೆ ಕಲಿತಿರುತ್ತಾರೆ. ನೀನು ಎರಡನ್ನೂ ಸೊನ್ನೆಯಿಂದ ಕಟ್ಟಬೇಕು. ಥರ್ಮೊಡೈನಾಮಿಕ್ಸ್ ಕಷ್ಟ ಅಲ್ಲ, ಅದು ಯಾವ ಭಾಷೆಯಲ್ಲಾದರೂ ಅದೇ ಸೂತ್ರ. ಲ್ಯಾಬಿನಲ್ಲಿ ಯಾರೋ ಅವಸರದಲ್ಲಿ ಕೂಗಿ ಹೇಳಿದ ಎಚ್ಚರಿಕೆ ಕಿವಿಗೆ ಬೀಳಬೇಕು, ಅದು ಕಷ್ಟ.

ಜೊತೆಗೆ ಅರ್ಹತೆಯ ವಿಷಯವೂ ಇದೆ. ನಮ್ಮ ಹನ್ನೆರಡನೇ ತರಗತಿಯೊಂದೇ ಇದ್ದರೆ ಜರ್ಮನಿ ಸಾಮಾನ್ಯವಾಗಿ ನೇರವಾಗಿ ಡಿಗ್ರಿಗೆ ಸೇರಿಸಿಕೊಳ್ಳುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲವೇ ಭಾರತದಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿ ಬಂದು ಸ್ಟುಡಿಯನ್‌ಕೊಲೆಗ್ ಅನ್ನುವ ತಯಾರಿ ವರ್ಷ ಓದಬೇಕು. ಫ್ರಾನ್ಸಿನ ಅರ್ಜಿ ಕ್ಯಾಂಪಸ್ ಫ್ರಾನ್ಸ್ ಅನ್ನುವ ಅಲ್ಲಿನ ಸರ್ಕಾರಿ ಸಂಸ್ಥೆಯ ಮೂಲಕ ಹೋಗುತ್ತದೆ.

ಹಾಗಾಗಿ ನನ್ನ ಸಲಹೆ ಇದು. ಈ ವರ್ಷ ಬೆಂಗಳೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಬಿಎಸ್ಸಿ ಸೇರು, ಕೆಮಿಸ್ಟ್ರಿ ಮೇಜರ್ ತಗೋ. ಮೊದಲ ದಿನದಿಂದಲೇ ಫ್ರೆಂಚ್ ಶುರುಮಾಡು, ಮೊದಲ ವರ್ಷ ಮುಲೂಸ್‌ನಲ್ಲಿ ಅಲ್ವಾ. ವಸಂತನಗರದಲ್ಲಿ ಅಲಯನ್ಸ್ ಫ್ರಾನ್ಸೇಸ್ ಇದೆ, ಇಂದಿರಾನಗರದಲ್ಲಿ ಗೋಯಥೆ ಇನ್‌ಸ್ಟಿಟ್ಯೂಟ್ ಇದೆ, ಇಬ್ಬರೂ ಆನ್‌ಲೈನ್ ಕ್ಲಾಸನ್ನೂ ನಡೆಸುತ್ತಾರೆ. ಫ್ರೆಂಚ್ ಬಿ2 (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ನಾಲ್ಕನೆಯದು) ಹತ್ತಿರ ಬಂದ ಮೇಲೆ ಜರ್ಮನ್ ಹಿಡಿ. ಒಂದು ವರ್ಷ ಸಾಲದಿದ್ದರೆ ಎರಡು ವರ್ಷವಾಗಲಿ. ಯುರೋಪಿನಲ್ಲಿ ಇಪ್ಪತ್ತು ದಾಟಿ ಡಿಗ್ರಿ ಶುರುಮಾಡುವವರು ಎಷ್ಟೋ ಜನ, ಯಾರೂ ವಯಸ್ಸು ಕೇಳುವುದಿಲ್ಲ.

ದುಡ್ಡಿನ ಲೆಕ್ಕ ಅಪ್ಪನ ಜೊತೆ ಕೂತು ಮಾಡು. ಯುರೋಪಿನ ಹೊರಗಿನವರಿಗೆ ಫ್ರಾನ್ಸ್ 2019ರಲ್ಲಿ ಡಿಗ್ರಿ ಶುಲ್ಕವನ್ನು ವರ್ಷಕ್ಕೆ 2,770 ಯೂರೋ ಅಂತ ಗೊತ್ತುಮಾಡಿತು, ಆಮೇಲೆ ಸ್ವಲ್ಪ ಏರಿದೆ. ಕೆಲವು ವಿಶ್ವವಿದ್ಯಾಲಯಗಳು ರಿಯಾಯಿತಿ ಕೊಡುತ್ತವೆ. ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ 2017ರಿಂದ ಒಂದು ಸೆಮಿಸ್ಟರಿಗೆ 1,500 ಯೂರೋ ಕೇಳುತ್ತಿದೆ. ಜಂಟಿ ಕೋರ್ಸಿನವರು ಯಾವ ವರ್ಷ ಯಾರಿಗೆ ಎಷ್ಟು ಕಟ್ಟಬೇಕು ಅಂತ ಎರಡೂ ಆಫೀಸಿಗೆ ಇಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ಪಡೆದುಕೋ. ಫ್ರೆಂಚ್-ಜರ್ಮನ್ ವಿಶ್ವವಿದ್ಯಾಲಯ ಅಂತ ಒಂದು ಸಂಸ್ಥೆ ಜರ್ಮನಿಯ ಜಾರ್‌ಬ್ರೂಕನ್‌ನಲ್ಲಿದೆ. ಇಂಥ ಜಂಟಿ ಕೋರ್ಸುಗಳಲ್ಲಿ ಗಡಿಯಾಚೆ ಓದುವ ಅವಧಿಗೆ ತಿಂಗಳು ತಿಂಗಳು ಸಹಾಯಧನ ಕೊಡುತ್ತದೆ, ಅದನ್ನೂ ಕೇಳು. ಜರ್ಮನಿಯಲ್ಲಿ ವಾಸದ ಪರವಾನಗಿಗೆ ವರ್ಷದ ಖರ್ಚಿಗಾಗುವಷ್ಟು ಹಣ ಇದೆ ಅಂತ ತೋರಿಸಬೇಕು. 2024ರಲ್ಲಿ ಅದು 11,904 ಯೂರೋ, ಅಂದರೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಅದು ನಿನ್ನದೇ ದುಡ್ಡು, ತಿಂಗಳು ತಿಂಗಳು ತೆಗೆದು ಬಳಸುತ್ತೀಯ. ಆರೋಗ್ಯ ವಿಮೆ ಫ್ರಾನ್ಸ್‌ನಲ್ಲಿ ವಿದ್ಯಾರ್ಥಿಗಳಿಗೆ ಉಚಿತ, ಜರ್ಮನಿಯಲ್ಲಿ ತಿಂಗಳಿಗೆ ನೂರು ಯೂರೋ ಮೇಲೆ. ಪಾರ್ಟ್‌ಟೈಮ್ ಕೆಲಸ ಫ್ರಾನ್ಸ್‌ನಲ್ಲಿ ವರ್ಷಕ್ಕೆ 964 ಗಂಟೆ, ಜರ್ಮನಿಯಲ್ಲಿ 140 ಪೂರ್ತಿ ದಿನ ಮಾಡಬಹುದು. ಆದರೆ ಲ್ಯಾಬ್ ಇರುವ ಸೆಮಿಸ್ಟರಿನಲ್ಲಿ ಸಮಯ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಸಾಲ ಮಾಡಬೇಡಿ. ಜಮೀನು ಅಡವಿಟ್ಟಾದರೂ ಕಳಿಸುತ್ತೇನೆ ಅಂತ ಅಪ್ಪ ಅಂದರೆ, ಬೇಡ ಅನ್ನು. ಎರಡು ವರ್ಷ ತಡವಾದರೂ ಪರವಾಗಿಲ್ಲ.

ಊಟದ ಚಿಂತೆ ಬೇಡ. ಕ್ಯಾಂಟೀನಿನಲ್ಲಿ ಸಸ್ಯಾಹಾರ ಸಿಗುತ್ತದೆ, ರಾಗಿಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಮೊದಲ ಚಳಿಗಾಲ ಮನಸ್ಸಿಗೆ ಭಾರ. ಆಗ ರೂಮಿನಲ್ಲಿ ಒಬ್ಬಳೇ ಕೂರಬೇಡ, ಕ್ಲಾಸಿನವರ ಜೊತೆ ಅಡುಗೆ ಮಾಡು.

ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಮೂರು ವರ್ಷದ ಡಿಗ್ರಿಗೇ ಇಲ್ಲಿ ಒಳ್ಳೆಯ ಕೆಲಸ ಸಿಗುವುದು ಕಡಿಮೆ. ಕೆಮಿಸ್ಟ್ರಿ ಓದಿದ ಹೆಚ್ಚಿನವರು ಮಾಸ್ಟರ್ಸ್ ಮಾಡುತ್ತಾರೆ, ಜರ್ಮನಿಯಲ್ಲಿ ಪಿಎಚ್‌ಡಿ ಮಾಡುವವರೂ ತುಂಬಾ ಜನ. ಅಂದರೆ ಐದು ವರ್ಷದ ದಾರಿ ಅಂತಲೇ ಇಟ್ಟುಕೋ. ಅಷ್ಟಾದ ಮೇಲೆ ಎರಡು ಭಾಷೆ ಬಲ್ಲ ಕೆಮಿಸ್ಟ್‌ಗೆ ರೈನ್ ದಂಡೆಯಲ್ಲಿ ಕೆಲಸಕ್ಕೆ ಬರವಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಔಷಧಿ ಕಂಪನಿಗಳು ಪಕ್ಕದಲ್ಲೇ ಇವೆ.

ಊರಿಗೆ ಮರಳಿದರೂ ಈ ಓದಿಗೆ ಕೆಲಸ ಇದ್ದೇ ಇದೆ. ನಮ್ಮ ಎರಡೂ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ಕಂದಾದ ಮಕ್ಕಳನ್ನು ನೀನೂ ನೋಡಿರುತ್ತೀಯ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ಅಳೆಯುವ ಎಲೆಕ್ಟ್ರೋಡಿನ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡ್‌ನ ಹರಳು ಇರುತ್ತದೆ. ಹೇಗೆ ಅಳೆಯುವುದು, ಯಾವಾಗ ಆ ಅಳತೆಯನ್ನು ನಂಬಬಾರದು ಅನ್ನುವುದನ್ನು ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಇನ್ನೂ ಹಾಗೇ ನಿಂತಿವೆ. ಆ ಮಣ್ಣನ್ನು ಅರ್ಥಮಾಡಿಕೊಳ್ಳಲು ಕೆಮಿಸ್ಟ್ರಿ ಬಲ್ಲ ನಮ್ಮೂರ ಮಕ್ಕಳೇ ಬೇಕು ಅಂತ ನನ್ನ ಮನಸ್ಸಿಗೆ ಯಾವಾಗಲೂ ಅನ್ನಿಸುತ್ತದೆ.

ಫ್ರೆಂಚ್ ಎ2 ಮುಗಿದ ಮೇಲೆ ನನಗೆ ಬರೆ. ಮೊದಲ ವರ್ಷದ ಲ್ಯಾಬ್ ಪ್ರಯೋಗಗಳ ಪಟ್ಟಿ ಕಳಿಸುತ್ತೇನೆ, ಫ್ರೆಂಚ್‌ನಲ್ಲೇ ಓದಿ ನೋಡು. ಅರ್ಜಿ ಹಾಕುವ ಹೊತ್ತಿಗೆ ಅಪ್ಪನ ಜೊತೆ ಫೋನಿನಲ್ಲಿ ನಾನೇ ಮಾತಾಡುತ್ತೇನೆ.