ಅಜ್ಜಿಯ ವಾಲ್ವ್ ಆಪರೇಷನ್ ಬಗ್ಗೆ
ಚಿತ್ರದುರ್ಗದ ನಿಮ್ಮ ಅಜ್ಜಿಗೆ 81 ವರ್ಷ, ಹೃದಯದಿಂದ ಮೈಗೆ ರಕ್ತ ಹೋಗುವ ಬಾಗಿಲಿನಂತಿರುವ ಅಯೋರ್ಟಿಕ್ ವಾಲ್ವ್ ತೀರಾ ಕಿರಿದಾಗಿದೆ, ಆಪರೇಷನ್ ಬೇಕಾ ಅಂತ ಕೇಳಿದ್ದೀರಿ. ಬರೀ ವಯಸ್ಸು ನೋಡಿ ಬೇಡ ಅನ್ನಬೇಡಿ. ದಾವಣಗೆರೆಯಲ್ಲಿ ನಮ್ಮ ಮಾವನವರು ಮನೆಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡುತ್ತಿದ್ದರು. ಅದು ಏದುಸಿರು ಅಂತ ನಮಗೆ ಗೊತ್ತಾಗಿದ್ದು ತಡವಾಗಿ. ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಶುರುವಾಗಿದ್ದರೆ ಸುಮ್ನೆ ಕಾಯಬೇಡಿ. ಮಾತ್ರೆಯಿಂದ ವಾಲ್ವ್ ಅಗಲ ಆಗುವುದಿಲ್ಲ. ಎದೆ ಕೊಯ್ಯದೆ, ತೊಡೆಸಂದಿನ ರಕ್ತನಾಳದಿಂದ ವಾಲ್ವ್ ಕೂರಿಸುವ ಟಾವಿ ಆಗುತ್ತಾ ಕೇಳಿ. ಖರ್ಚು ಮಾತ್ರ ಜಾಸ್ತಿ, ಲಕ್ಷಗಟ್ಟಲೆ. ಟಾವಿಗೂ ಮೊದಲು ಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದಕ್ಕೆ ಚುಚ್ಚುವ ಡೈ ಕಿಡ್ನಿಗೆ ಭಾರವಾಗಬಹುದು, ಕಿಡ್ನಿ ತೊಂದರೆ ಇದ್ದರೆ ಆಗಲೇ ಹೇಳಿಬಿಡಿ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹಿಡಿದು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ಅಂದಹಾಗೆ, ಅಜ್ಜಿಯನ್ನೇ ಕೇಳಿದಿರಾ?