ಆ 519 ಟ್ಯಾಂಕ್‌ಗಳು: ಮತ್ತದೇ ಪ್ರಶ್ನೆ

ಪ್ರಶ್ನೆ: ಎರಡನೇ ಮಹಾಯುದ್ಧದ ಜರ್ಮನ್ ಬಾಂಬರ್ ಪೈಲಟ್ ಹಾನ್ಸ್ ಉಲ್ರಿಖ್ ರೂಡೆಲ್ ಒಬ್ಬನೇ 519 ಟ್ಯಾಂಕ್ ನಾಶ ಮಾಡಿದ್ದು ನಿಜವೇ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. 519 ಎಂಬುದು ಜರ್ಮನ್ನರು ಅವನ ಖಾತೆಗೆ ಬರೆದುಕೊಂಡ ಲೆಕ್ಕ. ಸೋವಿಯತ್ ಸೇನೆ ಕಳೆದುಕೊಂಡ ಲೆಕ್ಕವಲ್ಲ. ಈ ವ್ಯತ್ಯಾಸ ತಿಳಿಯದೆ ವಿಡಿಯೊ ಮಾಡುವ ‘ಇತಿಹಾಸಕಾರ’ರಿಂದ ನನಗೆ ರೋಸಿಹೋಗಿದೆ.

‘ನಾಶ’ ಎಂಬ ಪದವನ್ನೇ ನೋಡಿ. 1941ರ ಸೆಪ್ಟೆಂಬರ್ 23ರಂದು ಕ್ರೋನ್‌ಸ್ಟಾಟ್ ಬಂದರಿನಲ್ಲಿ ರೂಡೆಲ್ ಸೋವಿಯತ್ ಯುದ್ಧನೌಕೆ ‘ಮರಾತ್’ ಮೇಲೆ ಸಾವಿರ ಕಿಲೋ ಬಾಂಬು ಹಾಕಿದ. ಮುಂಭಾಗದ ಮದ್ದಿನ ಕೋಣೆ ಸಿಡಿಯಿತು, ಹಡಗು ಮುಳುಗಿತು. ಆದರೆ ಅಲ್ಲಿ ನೀರು ಆಳವಿರಲಿಲ್ಲ. ತಳ ಮುಟ್ಟಿ ಕುಳಿತ ಅದೇ ಹಡಗಿನ ಉಳಿದ ಫಿರಂಗಿಗಳು ಮುಂದೆ ಜರ್ಮನ್ನರ ಮೇಲೆಯೇ ಗುಂಡು ಕಾರಿದವು! ನಿಂತಲ್ಲೇ ನಿಂತಿದ್ದ ಅಷ್ಟು ದೊಡ್ಡ ಹಡಗಿನ ವಿಷಯವೇ ಹೀಗಾದರೆ, ಧೂಳಿನಲ್ಲಿ ಓಡುವ ಟ್ಯಾಂಕಿನದು ಕೇಳಬೇಕೆ?

ಅವನು 1943ರಿಂದ ಹಾರಿಸಿದ ಯುಂಕರ್ಸ್ 87 ಜಿ ವಿಮಾನದ ರೆಕ್ಕೆಗಳಡಿ ಎರಡು 37 ಮಿ.ಮೀ. ಫಿರಂಗಿಗಳಿದ್ದವು, ಒಂದೊಂದಕ್ಕೆ ಹನ್ನೆರಡೇ ಗುಂಡು. ಹಿಂದಿನಿಂದ ತಗ್ಗಿ ಬಂದು, ಉಕ್ಕಿನ ಹೊದಿಕೆ ತೆಳುವಾಗಿರುವ ಎಂಜಿನ್ ಭಾಗಕ್ಕೆ ಹೊಡೆದು, ನೆಲದಿಂದ ಬರುವ ಗುಂಡಿಗೆ ಸಿಗದೆ ಜಾರಿಕೊಳ್ಳಬೇಕು. ಹೊಗೆ ಎದ್ದರೆ ‘ನಾಶ’. ಅದು ಪೂರ್ತಿ ಸುಟ್ಟಿತೋ, ಎಂಜಿನ್ ಮಾತ್ರ ಕೆಟ್ಟಿತೋ, ಕತ್ತಲಾದ ಮೇಲೆ ಎಳೆದೊಯ್ದು ರಿಪೇರಿ ಮಾಡಿದರೋ, ಇನ್ನೊಬ್ಬ ಪೈಲಟ್ ಕೂಡ ಅದನ್ನೇ ಎಣಿಸಿಕೊಂಡನೋ, ಯಾರು ಇಳಿದು ನೋಡಿದರು? ರೂಡೆಲ್ ಸುಳ್ಳು ಹೇಳಿದ ಎನ್ನುತ್ತಿಲ್ಲ. ಎಲ್ಲ ದೇಶಗಳ ಪೈಲಟ್‌ಗಳೂ ಹೆಚ್ಚಿಗೆ ಎಣಿಸಿದವರೇ. ಹಾಗಾದರೆ ನಿಜವಾದ ಸಂಖ್ಯೆ ಎಷ್ಟು ಎನ್ನಬೇಡಿ. ನಾನು ಹೇಳುವುದಿಲ್ಲ, ಖಚಿತವಾಗಿ ಹೇಳುವವರು ಸಿಕ್ಕರೆ ದೂರವಿರಿ.

ಪ್ರಶ್ನೆ: ಅವನು 2,530 ಬಾರಿ ಯುದ್ಧಕ್ಕೆ ಹಾರಿದ ಎನ್ನುವುದೂ ಬುರುಡೆಯೇ?

ಅಲ್ಲ. ವಿಮಾನನೆಲೆ ರಣರಂಗದ ಮಗ್ಗುಲಲ್ಲೇ ಇದ್ದರೆ ದಿನಕ್ಕೆ ಹಲವು ಬಾರಿ ಏರಿ ಇಳಿಯಬಹುದು. ಇಂತಿಷ್ಟು ಹಾರಿದವರನ್ನು ಮನೆಗೆ ಕಳುಹಿಸುವ ಅಮೆರಿಕನ್ನರ ಪದ್ಧತಿ ಜರ್ಮನ್ನರಲ್ಲಿರಲಿಲ್ಲ. 1945ರ ಫೆಬ್ರವರಿಯಲ್ಲಿ ಬಲಗಾಲು ಹೋದ ಮೇಲೂ ಇವನು ಮತ್ತೆ ಹಾರಿದ.

ಪ್ರಶ್ನೆ: ಜರ್ಮನಿಯ ಶೌರ್ಯ ಪದಕ ನೈಟ್ಸ್ ಕ್ರಾಸ್‌ನ ಅತ್ಯುನ್ನತ ದರ್ಜೆಯಾದ ಚಿನ್ನದ ಓಕ್ ಎಲೆಗಳ ಪದಕ ಅವನೊಬ್ಬನಿಗೇ ಸಿಕ್ಕಿದ್ದೇ?

ಹೌದು.

ಪ್ರಶ್ನೆ: ಅವನು ಬರೀ ಸೈನಿಕ, ನಾಜಿಯಲ್ಲ ಅಲ್ಲವೇ?

ಈ ಕಾಗಕ್ಕ ಗುಬ್ಬಕ್ಕನ ಕಥೆ ಸಾಕು. ಯುದ್ಧಾನಂತರ ಅರ್ಜೆಂಟೀನಾ ಸೇರಿ, ತಲೆಮರೆಸಿಕೊಂಡ ನಾಜಿಗಳಿಗೆ ನೆರವಾದವನು ಇವನು. 1953ರಲ್ಲಿ ತೀವ್ರ ಬಲಪಂಥೀಯ ಪಕ್ಷವೊಂದರ ಅಭ್ಯರ್ಥಿಯೂ ಆದ. 1976ರಲ್ಲಿ ಹಳೆಯ ಸಹಚರರ ಕೂಟಕ್ಕೆ ಇವನು ಬಂದದ್ದನ್ನು ಸಮರ್ಥಿಸಿಕೊಂಡ ಪಶ್ಚಿಮ ಜರ್ಮನಿಯ ಇಬ್ಬರು ವಾಯುಪಡೆ ಜನರಲ್‌ಗಳು ಹುದ್ದೆಯನ್ನೇ ಕಳೆದುಕೊಂಡರು.

ಇವನ ಚಿತ್ರವಿರುವ ಟಿ-ಶರ್ಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದವರಿಗೆ ಉತ್ತರವಿಲ್ಲ.